ಮೈಲಿ ದೂರದ ಗುರಿಗೆ ಯಾವ ತೋಟಾ?

ಕೇಳುಗರೇ, ನಮಸ್ಕಾರ.

ಒಂದು ಮೈಲಿ, ಅಂದರೆ ಸುಮಾರು 1,609 ಮೀಟರ್ ದೂರದಲ್ಲಿ ಒಂದು ಉಕ್ಕಿನ ಫಲಕ. ರೈಫಲ್‌ನಿಂದ ಅದಕ್ಕೆ ಗುಂಡು ತಾಗಿಸಬೇಕು. ಈ ಆಟಕ್ಕೆ ಇಳಿಯುವವರ ಮೊದಲ ಪ್ರಶ್ನೆ, ಯಾವ ತೋಟಾ ಆರಿಸಲಿ ಅನ್ನುವುದು. ತೋಟಾ ಅಂದರೆ ಲೋಹದ ಕೋಶ, ಅದರೊಳಗಿನ ಮದ್ದು, ತುದಿಯ ಗುಂಡು ಎಲ್ಲ ಸೇರಿದ್ದು; ಹಾರಿಹೋಗುವುದು ಗುಂಡು ಮಾತ್ರ. 'ಇರೋದರಲ್ಲಿ ದೊಡ್ಡದು ತಗೋ' ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ನಾನು ಆ ಗುಂಪಿನವನಲ್ಲ.

ಲೆಕ್ಕ ಶುರುವಾಗಬೇಕಾದ್ದು ಶಬ್ದದ ವೇಗದಿಂದ. ಅದು ಸೆಕೆಂಡಿಗೆ ಸುಮಾರು 340 ಮೀಟರ್. ಗುಂಡು ಇದಕ್ಕಿಂತ ಸಾಕಷ್ಟು ಜೋರಾಗಿ ಹೋಗುವಷ್ಟು ಹೊತ್ತು ಅದರ ದಾರಿಯನ್ನು ಚೆನ್ನಾಗಿ ಅಂದಾಜು ಮಾಡಬಹುದು. ವೇಗ ಇಳಿದು ಶಬ್ದದ ವೇಗದ ಹತ್ತಿರ ಬಂತೋ, ಗಾಳಿ ಅದನ್ನು ಒತ್ತುವ ರೀತಿಯೇ ಬದಲಾಗುತ್ತದೆ. ಕೆಲವು ಗುಂಡುಗಳು ಬುಗುರಿಯ ಹಾಗೆ ಓಲಾಡತೊಡಗುತ್ತವೆ. ಆಮೇಲೆ ಗುರಿ ಅದೃಷ್ಟದ ಮಾತು. ಹಾಗಾಗಿ ತೋಟಾ ಎಷ್ಟು ಬಲವಾಗಿ ಬಡಿಯುತ್ತದೆ ಅಂತ ಕೇಳಬೇಡಿ. ಎಷ್ಟು ದೂರದವರೆಗೆ ವೇಗ ಉಳಿಸಿಕೊಳ್ಳುತ್ತದೆ ಅಂತ ಕೇಳಿ.

1952ರಲ್ಲಿ ಬಂದ .308 ವಿಂಚೆಸ್ಟರ್ ಒಳ್ಳೆಯ ತೋಟಾ. (ಹೆಸರಿನ ಅಂಕಿ ಗುಂಡಿನ ದಪ್ಪ ಹೇಳುತ್ತದೆ: ಚುಕ್ಕೆಯಿಂದ ಶುರುವಾದರೆ ಇಂಚಿನಲ್ಲಿ, 6.5 ಮಾತ್ರ ಮಿಲಿಮೀಟರ್‌ನಲ್ಲಿ.) ಆದರೆ 900 ಮೀಟರ್ ಆಸುಪಾಸಿನಲ್ಲೇ ಅದರ ಉಸಿರು ಕಟ್ಟುತ್ತದೆ. 2007ರ 6.5 ಕ್ರೀಡ್‌ಮೋರ್‌ನ ಗುಂಡು ಅದಕ್ಕಿಂತ ಹಗುರ, ಆದರೂ 1,100 ಮೀಟರ್ ದಾಟುತ್ತದೆ. ಕಾರಣ ಆಕಾರ. ಸಪೂರವಾಗಿ, ಉದ್ದವಾಗಿ ಇರುವುದರಿಂದ ಗಾಳಿಯನ್ನು ಸಲೀಸಾಗಿ ಸೀಳುತ್ತದೆ. ಇಂಥ ಉದ್ದದ ಗುಂಡು ನೆಟ್ಟಗೆ ಹೋಗಲು ಬ್ಯಾರೆಲ್ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರೂ ಬಿಗಿಯಾಗಿರಬೇಕು. ತೋಟಾ ಕೊಂಡ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ.

.338 ಲಾಪುವಾ ಮ್ಯಾಗ್ನಮ್, 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡಿನೊಂದಿಗೆ, ಸುಮಾರು 1,500 ಮೀಟರ್‌ವರೆಗೆ ಕೈ ಕೊಡುವುದಿಲ್ಲ. ಅದರಾಚೆಗೆ .375 ಚೇಟ್ಯಾಕ್‌ನಂಥವು. ಲೇತ್‌ನಲ್ಲಿ ಕಡೆದ ತಾಮ್ರ ಅಥವಾ ಹಿತ್ತಾಳೆಯ ಗುಂಡು ಇಲ್ಲಿ ಸಾಮಾನ್ಯ. ಹಾಗಾದರೆ .50 ಬಿಎಂಜಿ? ಅದು ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಮೆಷಿನ್ ಗನ್‌ಗೆಂದು ಹುಟ್ಟಿದ್ದು. ಅಗ್ಗಕ್ಕೆ ಸಿಗುವ ಸೈನ್ಯದ ತೋಟಾ ತಂದು ಮೈಲಿ ದೂರಕ್ಕೆ ಹೊಡೆದರೆ ಸುಮ್ನೆ ಸದ್ದು, ಅಷ್ಟೇ.

ಯಾಕೆಂದರೆ ಇಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ ಏಕರೂಪತೆ. ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 3 ಮೀಟರ್ ವ್ಯತ್ಯಾಸ ಬಂದರೂ ಮೈಲಿ ದೂರದಲ್ಲಿ ಸುಮಾರು ಒಂದು ಗೇಣು ಮೇಲೆ ಕೆಳಗೆ ಆಗುತ್ತದೆ. ನೂರು ಮೀಟರ್‌ನಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಈ ಆಟದವರು ಮದ್ದನ್ನು ತೂಗಿ, ಕೋಶಗಳನ್ನು ಆರಿಸಿ ತಾವೇ ತೋಟಾ ತುಂಬಿಕೊಳ್ಳುತ್ತಾರೆ. ಬಿಸಿಲಿಗೆ ವೇಗ ಬದಲಿಸುವ ಮದ್ದನ್ನು ದೂರವೇ ಇಡುತ್ತಾರೆ. ಒಳ್ಳೆಯ ಕೋಶ, ಒಳ್ಳೆಯ ಗುಂಡು ಸುಲಭವಾಗಿ ಸಿಗದ ತೋಟಾವನ್ನು, ಕಾಗದದ ಮೇಲೆ ಅದೆಷ್ಟು ಚೆನ್ನಾಗಿದ್ದರೂ, ನಾನಂತೂ ಮುಟ್ಟುವುದಿಲ್ಲ.

ಇನ್ನು ಒದೆತ. ಹೆಗಲಿಗೆ ಜೋರಾಗಿ ಒದ್ದರೆ ಸ್ಕೋಪ್, ಅಂದರೆ ರೈಫಲ್ ಮೇಲಿನ ದುರ್ಬೀನು, ಗುರಿ ಬಿಟ್ಟು ಸರಿಯುತ್ತದೆ, ಗುಂಡು ಎಲ್ಲಿ ಬಿತ್ತೆಂದು ನಿಮಗೇ ಕಾಣುವುದಿಲ್ಲ. ಕಾಣದೆ ತಿದ್ದುವುದು ಹೇಗೆ, ಅಲ್ವಾ? ದೊಡ್ಡ ತೋಟಾಗಳು ಬ್ಯಾರೆಲ್ಲನ್ನೂ ಬೇಗ ತಿಂದುಹಾಕುತ್ತವೆ. ಗಾಳಿ ಓದುವುದನ್ನು 6.5ರಲ್ಲಿ ಕಲಿತು, ಆಮೇಲೆ .338ಕ್ಕೆ ಹೋಗಿ ಅನ್ನುತ್ತೇನೆ. .375 ಬೇಕಾಗುವುದು ಮೈಲಿ ಮತ್ತು ಅದರಾಚೆ ಹೊಡೆಯಲು ಜಾಗ ಇದ್ದಾಗ ಮಾತ್ರ.

ಯಾವುದನ್ನು ಆರಿಸಿದರೂ ಸ್ಕೋಪ್ ಕಡೆ ಒಮ್ಮೆ ನೋಡಿ. ಮೈಲಿ ಮುಟ್ಟುವಷ್ಟರಲ್ಲಿ .338ರ ಗುಂಡೂ 20 ಮೀಟರ್‌ಗಿಂತ ಜಾಸ್ತಿ ಕೆಳಗಿಳಿದಿರುತ್ತದೆ. ಅಷ್ಟನ್ನು ಸರಿದೂಗಿಸುವಷ್ಟು ಸ್ಕೋಪಿನ ತಿರುಗಣೆ ತಿರುಗದಿದ್ದರೆ, ಇಳಿಜಾರಿನ ರೈಲ್, ಅಂದರೆ ಓರೆಯಾದ ಲೋಹದ ಪಟ್ಟಿಯ ಮೇಲೆ ಅದನ್ನು ಕೂರಿಸಬೇಕಾಗುತ್ತದೆ.

ನಮಸ್ಕಾರ.