ಅಡ್ಮಿನ್ ಯಾರು, ಯಜಮಾನ ಯಾರು?

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ಯಕ್ಷಗಾನದ ವಾಟ್ಸಾಪ್ ಗುಂಪುಗಳಲ್ಲಿ, ಮೇಳಗಳು ಅಂದರೆ ಯಕ್ಷಗಾನ ತಂಡಗಳು ಊರೂರು ಸುತ್ತುವ ತಿರುಗಾಟದ ಕಾಲದಲ್ಲಿ, ದಿನಾ ಒಂದು ಪಟ್ಟಿ ಬರುತ್ತದೆ. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು, ಆಡಿಸುವವರು ಯಾರು. ಕಟೀಲು, ಧರ್ಮಸ್ಥಳ, ಮಂದಾರ್ತಿ, ಪೆರ್ಡೂರು, ಸಾಲಿಗ್ರಾಮ, ಎಲ್ಲ ಒಂದೇ ಕಡೆ. ಕೂತು ಇದನ್ನು ಟೈಪ್ ಮಾಡುವವರಿಗೆ ಸಂಬಳವಿಲ್ಲ. ಒಂದು ದಿನ ತಡವಾದರೆ ಮಾತ್ರ ‘ಎಂತ ಮಾರಾಯ್ರೆ, ಪಟ್ಟಿ ಇನ್ನೂ ಬಂದಿಲ್ವಾ?’ ಎಂಬ ವಿಚಾರಣೆ ಇದೆ.

ಇವತ್ತು ನನ್ನ ಮಾತು ಆಟದ ಬಗ್ಗೆ ಅಲ್ಲ, ಆಟ ನೋಡುವ ಈ ಬಳಗದ ಬಗ್ಗೆ. ಫೋನಿನಲ್ಲಿ ಸೇರಿಕೊಂಡ ಅಭಿಮಾನಿಗಳ ಗುಂಪು ದೊಡ್ಡದಾಗುವಾಗ ಅದನ್ನು ನಡೆಸುವುದು ಹೇಗೆ? ಎಷ್ಟು ಜನ ಸೇರಿದರು ಎಂಬ ಲೆಕ್ಕ ಎಲ್ಲರೂ ಇಡುತ್ತಾರೆ. ನಾಳೆ ಅಡ್ಮಿನ್ ಇಲ್ಲದಿದ್ದರೆ ಏನು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಜನ ಸೇರಿಸುವುದು ಕಷ್ಟವೇನಲ್ಲ. ವಾಟ್ಸಾಪ್ ಗುಂಪಿಗೆ ಬಹಳ ಕಾಲ 256 ಜನರ ಮಿತಿ ಇತ್ತು. 2022ರಲ್ಲಿ ಅದು 512 ಆಯಿತು, ಅದೇ ವರ್ಷದ ಕೊನೆಗೆ 1024. ಮೊದಲೆಲ್ಲ ಗುಂಪು ತುಂಬಿದ ಕೂಡಲೇ ‘ಭಾಗ ಎರಡು’ ಹುಟ್ಟುತ್ತಿತ್ತು. ಹಳಬರು ಒಂದರಲ್ಲಿ, ಹೊಸಬರು ಎರಡರಲ್ಲಿ. ಹೊಸಬ ಒಂದು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುವ ಹಿರಿಯರು ಆ ಗುಂಪಿನಲ್ಲೇ ಇಲ್ಲ. ಈಗ ಸಾವಿರ ಜನ ಒಟ್ಟಿಗೆ ಇರಬಹುದು. ಆದರೆ ಶುಭೋದಯದ ಹೂವುಗಳ ನಡುವೆ ಆಟದ ಪಟ್ಟಿ ಹುಡುಕಬೇಕು!

ಹಾಗಾದರೆ ತೆಂಕು, ಬಡಗು ಎಂಬ ಎರಡು ತಿಟ್ಟಿಗೆ, ಅಂದರೆ ಎರಡು ಶೈಲಿಗೆ, ಬೇರೆ ಬೇರೆ ಗುಂಪು ಮಾಡೋಣ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಉಡುಪಿ ಸುತ್ತಮುತ್ತ ಎರಡೂ ತಿಟ್ಟಿನ ಆಟ ಆಗುತ್ತದೆ, ಎರಡನ್ನೂ ನೋಡುವ ಜನ ಇದ್ದಾರೆ. ತಿಟ್ಟಿನ ಮೇಲೆ ಒಡೆದರೆ ನಾಳೆ ಪದ್ಯ ಹಾಡುವ ಭಾಗವತರ ಹೆಸರಿನ ಮೇಲೂ ಒಡೆಯಬೇಕಾಗುತ್ತದೆ. ಒಡೆಯಲೇಬೇಕಾದರೆ ಕೆಲಸ ನೋಡಿ ಒಡೆಯಿರಿ. ಪಟ್ಟಿಗೆ ಒಂದು ಗುಂಪು, ಅಲ್ಲಿ ಅಡ್ಮಿನ್ ಮಾತ್ರ ಬರೆಯಲಿ. ಹರಟೆಗೆ ಇನ್ನೊಂದು. ಹೂವು ಅಲ್ಲಿ ಎಷ್ಟು ಬೇಕಾದರೂ ಅರಳಲಿ.

ಇನ್ನು ಅಡ್ಮಿನ್ ವಿಷಯ. ಮೇಳದಲ್ಲಿ ಯಜಮಾನರು ಬೇರೆ, ಭಾಗವತರು ಬೇರೆ. ದುಡ್ಡು, ಲಾರಿ, ಸಂಬಳ ಯಜಮಾನರದ್ದು. ರಂಗಸ್ಥಳದಲ್ಲಿ ಯಾವ ಪದ್ಯ, ಎಷ್ಟು ಹೊತ್ತು ಎನ್ನುವುದು ಭಾಗವತರದ್ದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸುಮ್ನೆ ಕೈಹಾಕುವುದಿಲ್ಲ. ನಮ್ಮ ಗುಂಪುಗಳಲ್ಲಿ ಎರಡೂ ಒಬ್ಬರೇ. ಸೇರಿಸುವವರು, ತೆಗೆಯುವವರು, ದುಡ್ಡು ಕೂಡಿಸುವವರು, ಜಗಳದಲ್ಲಿ ತೀರ್ಪು ಕೊಡುವವರು ಎಲ್ಲವೂ ಅವರೇ. ಇದ್ದ ಒಬ್ಬ ಅಡ್ಮಿನ್ ಬೇಸರಗೊಂಡು ಹೊರಟರೆ ವಾಟ್ಸಾಪ್ ತಾನಾಗಿಯೇ ಇನ್ನೊಬ್ಬ ಸದಸ್ಯರನ್ನು ಅಡ್ಮಿನ್ ಮಾಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಗುಂಪಿನ ಅಧಿಕಾರ ಯಾರಿಗೋ ಬಂದಿರುತ್ತದೆ. ಪಾಪ, ಅವರಿಗೂ ಗೊತ್ತಿರುವುದಿಲ್ಲ.

‘ಯಾರೋ ಏನೋ ಹಾಕಿದರೆ ನಾನು ಜೈಲಿಗೆ ಹೋಗಬೇಕಾ?’ ಎಂಬ ಹೆದರಿಕೆಯೂ ಅಡ್ಮಿನ್‌ಗಳಿಗಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಈ ಬಗ್ಗೆ ತೀರ್ಪು ಕೊಟ್ಟಿವೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರು ಹಾಕಿದ ಸಂದೇಶಕ್ಕೆ ಅವರು ಹೊಣೆ ಆಗುವುದಿಲ್ಲ. ಹಾಗಾಗಿ ಹೆದರಿ ಎಲ್ಲರ ಬಾಯಿ ಮುಚ್ಚಿಸುವ ಅಗತ್ಯ ಇಲ್ಲ.

ನಾನಿರುವ ಒಂದು ಗುಂಪಿನಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬರು ಒಂದು ಪದ್ಯದ ತುಣುಕು ಹಾಕಿದರು. ಇನ್ನೊಬ್ಬರು ‘ಶ್ರುತಿ ಬಿಟ್ಟಿದೆ’ ಎಂದರು. ಅಷ್ಟೇ. ಆಮೇಲೆ ಬೆಳಗಿನ ಜಾವದವರೆಗೆ ಯುದ್ಧ! ಶ್ರುತಿಯಿಂದ ಭಾಗವತರ ಊರಿಗೆ ಹೋಯಿತು, ಊರಿನಿಂದ ಮನೆತನಕ್ಕೆ. ಅಡ್ಮಿನ್ ಸಿಟ್ಟಿನಲ್ಲಿ ಶ್ರುತಿಯ ಮಾತೆತ್ತಿದವರನ್ನೇ ತೆಗೆದರು. ಅವರ ಹಿಂದೆ ಇನ್ನೂ ಹಲವರು ಹೊರಟರು. ಹೋದವರಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಹಂಚುತ್ತಿದ್ದ ಹಿರಿಯರೂ ಇದ್ದರು. ಗುಂಪಿಗಾದ ನಿಜವಾದ ನಷ್ಟ ಅದು.

ಸ್ವಲ್ಪ ದಿನ ಕಳೆದ ಮೇಲೆ ಉಡುಪಿಯ ಒಂದು ಹೋಟೆಲಿನಲ್ಲಿ ಕೆಲವರು ಕೂತೆವು. ಪದ್ಯ, ನಾಟ್ಯ, ಅರ್ಥ, ವೇಷ, ಇವುಗಳ ಬಗ್ಗೆ ಏನು ಬೇಕಾದರೂ ಹೇಳಬಹುದು ಎಂದಾಯಿತು. ಜಾತಿ, ಮನೆ, ಕಾಯಿಲೆ, ಕುಡಿತ, ಇವು ಬೇಡ. ತಪ್ಪಿದವರಿಗೆ ಮೊದಲು ಫೋನ್ ಮಾಡಿ ಹೇಳುವುದು. ಆಮೇಲೂ ಬಿಡದಿದ್ದರೆ ಒಂದು ವಾರ ಹೊರಗೆ. ಪೂರ್ತಿ ತೆಗೆಯಬೇಕಾದರೆ ಮೂವರು ಅಡ್ಮಿನ್ ಒಪ್ಪಬೇಕು, ಕಾರಣವನ್ನು ಗುಂಪಿನಲ್ಲೇ ಬರೆಯಬೇಕು. ‘ವಿಮರ್ಶೆಯೇ ಬೇಡ, ಹೊಗಳಿಕೆ ಮಾತ್ರ ಸಾಕು’ ಎಂದು ಒಬ್ಬರು ಹೇಳಿದರು. ಅದನ್ನು ಉಳಿದವರು ಒಪ್ಪಲಿಲ್ಲ. ಹೊಗಳುವುದಕ್ಕಾದರೆ ಗುಂಪು ಯಾಕೆ, ಒಂದು ಫ್ಲೆಕ್ಸ್ ಸಾಕಲ್ವಾ? ಕ್ಯಾಸೆಟ್ ಹಿರಿಯರ ಮನೆಗೇ ಹೋಗಿ ಕರೆದೆವು. ಬಂದರು, ಆದರೆ ಮಾತು ಕಡಿಮೆ ಮಾಡಿದ್ದಾರೆ.

ಇದನ್ನು ನಾವು ಯಾವ ಪುಸ್ತಕ ನೋಡಿಯೂ ಮಾಡಲಿಲ್ಲ. ಆದರೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್ ಹತ್ತಿರ ಹತ್ತಿರ ಇದನ್ನೇ ಹೇಳಿದ್ದರು. ನೀರಾವರಿ ಕಾಲುವೆ, ಕಾಡು, ಮೀನುಗಾರಿಕೆ, ಇವನ್ನು ಊರಿನವರೇ ಸೇರಿ ನೋಡಿಕೊಳ್ಳುವ ರೀತಿಯನ್ನು ಅವರು ಅಧ್ಯಯನ ಮಾಡಿದವರು. ಬಹುಕಾಲ ಬಾಳಿದ ಕಡೆಗಳಲ್ಲಿ ಬಳಸುವವರೇ ಸೇರಿ ನಿಯಮ ಮಾಡಿದ್ದರು. ಶಿಕ್ಷೆ ಚಿಕ್ಕದರಿಂದ ಶುರುವಾಗುತ್ತಿತ್ತು. ಜಗಳ ಬಗೆಹರಿಸಲು ಹೆಚ್ಚು ಖರ್ಚಿಲ್ಲದ ಜಾಗ ಇತ್ತು. ನಮಗೆ ಹೋಟೆಲಿನ ಒಂದು ಮೇಜು ಸಾಕಾಯಿತು.

ದುಡ್ಡಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಲಾವಿದರೊಬ್ಬರು ಆಸ್ಪತ್ರೆಯಲ್ಲಿದ್ದಾರೆ ಎಂದರೆ ಒಂದೇ ರಾತ್ರಿಯಲ್ಲಿ ನೆರವು ಹರಿದು ಬರುತ್ತದೆ. ಬರುವುದು ಯಾರದೋ ಸ್ವಂತ ಖಾತೆಗೆ. ಅವರು ಪ್ರಾಮಾಣಿಕರೇ ಇರಬಹುದು, ಲೆಕ್ಕ ಹಾಕದಿದ್ದರೆ ಅನುಮಾನ ತಪ್ಪಿದ್ದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ವರ್ಷ ವರ್ಷ ಮಹಾಸಭೆ, ಲೆಕ್ಕಪರಿಶೋಧನೆ, ಕಾಗದಪತ್ರ ಎಲ್ಲ ಬೇಕು. ಎಲ್ಲ ಗುಂಪಿಗೂ ಅದು ಬೇಕಿಲ್ಲ. ಉಡುಪಿಯಲ್ಲಿ 1975ರಿಂದ ಯಕ್ಷಗಾನ ಕಲಾರಂಗ ಇದೆ, 2015ರಲ್ಲಿ ಶುರುವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಇದೆ. ಇಂಥ ಸಂಸ್ಥೆಗಳ ಮೂಲಕವೇ ನೆರವು ಹೋದರೆ ಗುಂಪಿಗೂ ತಲೆನೋವು ಕಡಿಮೆ.

ನನಗೆ ಜಾಸ್ತಿ ಚಿಂತೆ ಇರುವುದು ಧ್ವನಿಮುದ್ರಣಗಳದ್ದು. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರನ್ನು ನೋಡಿಯೇ ಇರದ ಹುಡುಗರು ಇವತ್ತು ಅವರ ಪದ್ಯ ಗುನುಗುತ್ತಾರೆ. ಯಾರೋ ಕ್ಯಾಸೆಟ್ ಜೋಪಾನ ಮಾಡಿದ್ದಕ್ಕೆ ಅದು ಉಳಿಯಿತು. ಈಗ ಅದೆಲ್ಲ ಇರುವುದು ಒಬ್ಬರ ಗೂಗಲ್ ಖಾತೆಯಲ್ಲಿ, ಪಾಸ್‌ವರ್ಡ್ ಅವರ ತಲೆಯಲ್ಲಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಕ್ಯಾಸೆಟ್‌ಗೆ ಬೂಸಲು ಬಂದರೂ ಒರೆಸಬಹುದಿತ್ತು! ಮೂರು ಕಡೆ ಪ್ರತಿ ಇಡಿ, ಮೂವರಿಗೆ ಪಾಸ್‌ವರ್ಡ್ ಗೊತ್ತಿರಲಿ. ಹಾಗೆಯೇ ಕಲಾವಿದರನ್ನು ಕೇಳಿ. ಪ್ರದರ್ಶನ ಕೊಟ್ಟವರಿಗೂ ಅದರ ಮೇಲೆ ಹಕ್ಕು ಇದೆ ಎಂದು ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲೇ ತಿದ್ದುಪಡಿ ಬಂದಿದೆ. ‘ನನ್ನದು ತೆಗೆಯಿರಿ’ ಎಂದು ಅವರು ಹೇಳಿದರೆ ವಾದ ಮಾಡದೆ ತೆಗೆಯಬೇಕು.

ಅಧಿಕಾರಕ್ಕೆ ಅವಧಿ ಇಡುವುದು ಹೊಸದೇನಲ್ಲ. ನಮ್ಮ ತುಳು ವಿಕಿಪೀಡಿಯ 2008ರಲ್ಲಿ ಪ್ರಯೋಗವಾಗಿ ಶುರುವಾಗಿ 2016ರಲ್ಲಿ ಪೂರ್ಣ ರೂಪಕ್ಕೆ ಬಂತು. ಇಂಥ ಸಣ್ಣ ವಿಕಿಗಳಲ್ಲಿ ನಿರ್ವಾಹಕರ ಅಧಿಕಾರವನ್ನು ಸಾಮಾನ್ಯವಾಗಿ ಇಂತಿಷ್ಟು ಕಾಲಕ್ಕೆಂದೇ ಕೊಡುತ್ತಾರೆ. ಮುಗಿದ ಮೇಲೆ ಮತ್ತೆ ಸಮುದಾಯದ ಒಪ್ಪಿಗೆ ಬೇಕು. ಆ ಚರ್ಚೆ ಮುಂದೆ ಯಾರು ಬೇಕಾದರೂ ಓದುವಂತೆ ಉಳಿಯುತ್ತದೆ. ನಮ್ಮ ಗುಂಪಿನಲ್ಲೂ ಅಡ್ಮಿನ್ ಒಂದು ತಿರುಗಾಟಕ್ಕೆ ಮಾತ್ರ ಎಂದು ಮಾಡಿದ್ದೇವೆ. ಇಬ್ಬರು ಹಳಬರು, ಒಬ್ಬರು ಹೊಸಬರು. ಈ ಸಲದ ಹೊಸಬರು ಮಣಿಪಾಲದಲ್ಲಿ ಓದುವ ಹುಡುಗಿ. ಪಟ್ಟಿ ಒಂದು ದಿನವೂ ತಡವಾಗಿಲ್ಲ.

ಅಡ್ಮಿನ್ ಬದಲಾಯಿಸುವ ಸಭೆಯನ್ನು ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದ ಮೇಲೆ ಇಟ್ಟರೆ ಒಳ್ಳೆಯದು. ಹೆಚ್ಚಿನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ರಾತ್ರಿ ನಿದ್ದೆ ಆಗಿರುತ್ತದೆ. ಆದರೆ ಭಾನುವಾರ ಬೇಡ. ಕುವೈತ್, ಕತಾರ್, ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಅಲ್ಲಿರುವ ನಮ್ಮ ಗುಂಪಿನವರು ಕೆಲಸದಲ್ಲಿರುತ್ತಾರೆ. ಶನಿವಾರ ಸಂಜೆ 5 ಗಂಟೆಗೆ ಇಲ್ಲಿ ಕೂತರೆ ದುಬೈಯಲ್ಲಿ ಮೂರೂವರೆ, ಕುವೈತಿನಲ್ಲಿ ಎರಡೂವರೆ. ಅವರೂ ವಿಡಿಯೋ ಕರೆಯಲ್ಲಿ ಬರಬಹುದು, ಕೈ ಎತ್ತಬಹುದು. ನಮಸ್ಕಾರ.