ಕೆಲಸ ಎಲ್ಲಿ ಕಾಯುತ್ತಿದೆ?

ಎಲ್ಲರಿಗೂ ನಮಸ್ಕಾರ. ರಜೆಯ ದಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಿಂದೆಲ್ಲ ಇಷ್ಟು ದೂರ ಬಂದಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ತಂತ್ರಾಂಶ ತಂಡದ ಕೆಲಸ ನಡೆಸುವ ವಿಧಾನಗಳಲ್ಲಿ ಸ್ಕ್ರಮ್ ಒಳ್ಳೆಯದೋ, ಕಾನ್ಬಾನ್ ಒಳ್ಳೆಯದೋ ಎಂದು ಟೀಮ್ ಲೀಡ್‌ಗಳು ಕೇಳುತ್ತಲೇ ಇರುತ್ತಾರೆ. ನಿಮ್ಮ ತಂಡಕ್ಕೆ ಕೆಲಸ ಹೇಗೆ ಬರುತ್ತದೆ, ಬಂದದ್ದು ಎಲ್ಲಿ ಕಾಯುತ್ತದೆ ಎಂದು ಮೊದಲು ನೋಡಿ. ವಿಧಾನದ ಹೆಸರು ಆಮೇಲೆ.

ಸ್ಕ್ರಮ್ ಅನ್ನು ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಮಂಡಿಸಿದರು. ಒಂದು ತಿಂಗಳು ಮೀರದ ಕೆಲಸದ ಅವಧಿ, ಅಂದರೆ ಸ್ಪ್ರಿಂಟ್, ಅದಕ್ಕೊಂದು ಗುರಿ, ದಿನಕ್ಕೆ 15 ನಿಮಿಷದ ಭೇಟಿ, ಸಾಮಾನ್ಯವಾಗಿ 10 ಜನರೊಳಗಿನ ತಂಡ. ಹೊಸ ಉತ್ಪನ್ನ ಕಟ್ಟುತ್ತಾ, ಬಳಸುವವರ ಮಾತು ಕೇಳಿ ದಾರಿ ತಿದ್ದಿಕೊಳ್ಳುವವರಿಗೆ ಇದು ಚೆನ್ನಾಗಿ ಒದಗುತ್ತದೆ.

ಆದರೆ ನಮ್ಮ ಊರಿನ ಎಷ್ಟೋ ತಂಡಗಳು ಮಾಡುವುದು ಸಪೋರ್ಟ್ ಕೆಲಸ, ಅಂದರೆ ಈಗಾಗಲೇ ಬಳಕೆಯಲ್ಲಿರುವ ತಂತ್ರಾಂಶವನ್ನು ನೋಡಿಕೊಳ್ಳುವುದು. ಪ್ರೊಡಕ್ಷನ್‌ನಲ್ಲಿ, ಜನ ಬಳಸುತ್ತಿರುವ ತಂತ್ರಾಂಶದಲ್ಲೇ, ಏನೋ ಕೆಟ್ಟಿದೆ ಎಂದು ನಡುರಾತ್ರಿ ಫೋನ್ ಬರುತ್ತದೆ. ಸೋಮವಾರ ಹಾಕಿದ ಯೋಜನೆ ಬುಧವಾರಕ್ಕೆ ಉಳಿದಿರುವುದಿಲ್ಲ. ಸ್ಪ್ರಿಂಟ್ ಮುಗಿದಾಗ ಆ ಹುಡುಗ ಹುಡುಗಿಯರು ತಲೆ ತಗ್ಗಿಸಿ ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಪ್ಪು ಅವರದಲ್ಲ, ಆ ಕೆಲಸಕ್ಕೆ ಆ ಚೌಕಟ್ಟು ಹೊಂದುವುದಿಲ್ಲ.

ಇಂಥ ತಂಡಗಳಿಗೆ ಹೈದರಾಬಾದಿನ ಒಂದು ಉದಾಹರಣೆ ಹೇಳಲೇಬೇಕು. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಆಂತರಿಕ ತಂತ್ರಾಂಶಗಳನ್ನು ನೋಡಿಕೊಳ್ಳುತ್ತಿದ್ದ ತಂಡವೊಂದು ಅಲ್ಲಿತ್ತು. ಒಂದು ಬೇಡಿಕೆ ಮುಗಿಯಲು ಐದು ತಿಂಗಳು ಹಿಡಿಯುತ್ತಿತ್ತು. ಜನ ಸೋಮಾರಿಗಳಾಗಿರಲಿಲ್ಲ. ಬಂದ ಪ್ರತಿ ಬೇಡಿಕೆಗೂ ಎಸ್ಟಿಮೇಟ್, ಅಂದರೆ ಎಷ್ಟು ಕೆಲಸ ಹಿಡಿಯುತ್ತದೆ ಎಂಬ ಅಂದಾಜು, ಕೊಡುವುದರಲ್ಲೇ ಅವರ ಶಕ್ತಿಯ ದೊಡ್ಡ ಪಾಲು ಹೋಗುತ್ತಿತ್ತು. ಹಾಗೆ ಲೆಕ್ಕ ಹಾಕಿದ ಎಷ್ಟೋ ಕೆಲಸಗಳನ್ನು ಯಾರೂ ಮಾಡಲೇ ಇಲ್ಲ. ಮುಂದೆ ತಂತ್ರಾಂಶಕ್ಕೆ ಕಾನ್ಬಾನ್ ವಿಧಾನ ರೂಪಿಸಿದ ಡೇವಿಡ್ ಆಂಡರ್ಸನ್ ಅವರ ನೆರವಿನಿಂದ ಎಸ್ಟಿಮೇಟ್ ನಿಲ್ಲಿಸಿದರು, ಏಕಕಾಲಕ್ಕೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. ವರ್ಷದೊಳಗೆ ತಿಂಗಳುಗಳ ಲೆಕ್ಕ ವಾರಗಳಿಗೆ ಇಳಿಯಿತು. ಹೀಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವುದೇ ಕಾನ್ಬಾನ್‌ನ ತಿರುಳು. ಟೊಯೋಟಾ ಕಾರ್ಖಾನೆಯ ಆ ವಿಧಾನ ತಂತ್ರಾಂಶದ ಕೆಲಸಕ್ಕೆ ಬಂದ ದಾರಿಯಲ್ಲಿ ಇದೊಂದು ಮುಖ್ಯ ಮೆಟ್ಟಿಲು.

ಮಿತಿ ಹಾಕಿದರೆ ವೇಗ ಹೇಗೆ ಹೆಚ್ಚುತ್ತದೆ? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದನ್ನು ವಿವರಿಸುತ್ತದೆ: ತೆರೆದಿರುವ ಕೆಲಸಗಳನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದೊಂದಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ನಿಮ್ಮ ತಂಡ ವಾರಕ್ಕೆ 5 ಟಿಕೆಟ್, ಅಂದರೆ ದಾಖಲಾದ 5 ಕೆಲಸ ಮುಗಿಸುತ್ತದೆ, ಕೆಲಸಗಳನ್ನು ಹಂತವಾರು ಬರೆದಿಡುವ ಬೋರ್ಡಿನಲ್ಲಿ 30 ತೆರೆದಿವೆ ಎಂದುಕೊಳ್ಳಿ. ಒಂದೊಂದಕ್ಕೆ ಸರಾಸರಿ 6 ವಾರ. ಅದೇ ಜನ, ಅದೇ ದುಡಿಮೆ, ತೆರೆದವು 10 ಮಾತ್ರ ಇದ್ದರೆ 2 ವಾರ. ಇದನ್ನು ಮ್ಯಾನೇಜರ್ ಮುಂದೆ ಬರೆದು ತೋರಿಸಿ. ‘ಇನ್ನೊಂದು ಸೇರಿಸಿಕೊಳ್ಳಿ’ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ.

ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ಹಳೆಯ ವಿಧಾನ ವಾಟರ್‌ಫಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಮೂಲ ಎನ್ನಲಾಗುವ 1970ರ ಲೇಖನದಲ್ಲೇ ವಿನ್ಸ್‌ಟನ್ ರಾಯ್ಸ್, ಪರೀಕ್ಷೆಯನ್ನು ಕೊನೆಗೆ ಬಿಡುವುದು ಅಪಾಯ ಎಂದು ಎಚ್ಚರಿಸಿದ್ದರು.

ಬೋರ್ಡಿಗೆ ಬರೋಣ. ‘ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು’ ಎಂಬ ಮೂರು ಕಂಬಗಳು ಬೆಂಗಳೂರಿನ ತಂಡಕ್ಕೆ ಸಾಲವು. ಕೋಡ್ ರಿವ್ಯೂಗೆ ಕಾಯುತ್ತಿರುವುದಕ್ಕೆ ಒಂದು, ಅಮೆರಿಕದವರ ಉತ್ತರಕ್ಕೆ ಕಾಯುತ್ತಿರುವುದಕ್ಕೆ ಇನ್ನೊಂದು ಕಂಬ ಇರಲಿ. ನಾವು ಬೆಳಗ್ಗೆ ಕೇಳಿದ ಪ್ರಶ್ನೆಗೆ ಅವರು ಎದ್ದ ಮೇಲೆ ಉತ್ತರ; ಅದು ಅರ್ಧಂಬರ್ಧವಾಗಿದ್ದರೆ ಇನ್ನೊಂದು ದಿನ. ಈ ಕಾಯುವಿಕೆ ‘ಮಾಡುತ್ತಿದ್ದೇವೆ’ ಎಂಬ ಕಂಬದೊಳಗೆ ಅಡಗಿ ಕುಳಿತರೆ ಯಾವ ವಿಧಾನವೂ ನಿಮ್ಮನ್ನು ಕಾಪಾಡದು.

ಅರ್ಧ ಹೊಸ ಕೆಲಸ, ಅರ್ಧ ಸಪೋರ್ಟ್ ಇರುವ ತಂಡದಲ್ಲಿ, ಸಪೋರ್ಟ್ ಅನ್ನು ಇಬ್ಬರು ಸರದಿಯಂತೆ ನೋಡಿಕೊಳ್ಳಲಿ. ಉಳಿದವರನ್ನು ಸ್ಪ್ರಿಂಟ್ ಮುಗಿಯುವವರೆಗೆ ಯಾರೂ ಮುಟ್ಟಬಾರದು.

‘ಯಾವಾಗ ಮುಗಿಯುತ್ತದೆ?’ ಎಂದು ಕ್ಲೈಂಟ್ ಕೇಳುವುದು ತಪ್ಪುವುದಿಲ್ಲ, ಕೇಳುವುದು ಅವರ ಹಕ್ಕು ಕೂಡ. ಪ್ರತಿ ಟಿಕೆಟ್ ಶುರುವಾದ ದಿನ, ಮುಗಿದ ದಿನ ಎರಡನ್ನೂ ಬರೆದಿಡಿ. ಮೂರು ತಿಂಗಳ ನಂತರ ‘ಇಂಥ ಕೆಲಸ 10ರಲ್ಲಿ 8 ಸಲ 12 ದಿನದೊಳಗೆ ಮುಗಿದಿದೆ’ ಎಂಬಂಥ ಉತ್ತರ ನಿಮ್ಮ ಕೈಯಲ್ಲಿರುತ್ತದೆ. ಸಭೆಯಲ್ಲಿ ಕುಳಿತು ಊಹಿಸಿದ ದಿನಾಂಕಕ್ಕಿಂತ ಅದನ್ನು ಅವರು ಬೇಗ ನಂಬುತ್ತಾರೆ.