ಬೆಳಕೂ ಹೂಂಗುಟ್ಟಬೇಕು

ಎಲ್ಲರಿಗೂ ಶರಣು.

ನಮ್ಮ ಆಯಿ ರಾತ್ರಿ ಕತೆ ಶುರು ಮಾಡುವ ಮೊದಲು ಮೊಮ್ಮಕ್ಕಳಲ್ಲಿ ಒಬ್ಬರಿಗೆ ಹೂಂಗುಟ್ಟುವ ಕೆಲಸ ಹಚ್ಚುತ್ತಿದ್ದಳು. ಹೂಂ ನಿಂತಿತೋ, ಕತೆಯೂ ನಿಂತಿತು. “ಮಕ್ಕೊಂಡೇನೋ?” ಎಂದು ಕತ್ತಲಲ್ಲೇ ಕೇಳುವಳು. ಎಚ್ಚರವಿದ್ದೇವೆ ಎಂದು ತೋರಿಸಲಿಕ್ಕಷ್ಟೇ ಆ ಹೂಂ ಇರಲಿಲ್ಲ. ಹುಲಿ ಬಂದಾಗಿನ ಹೂಂ ಬೇರೆ, ರಾಜಕುಮಾರಿ ಅತ್ತಾಗಿನ ಹೂಂ ಬೇರೆ. ಅದನ್ನು ಕೇಳಿಕೊಂಡೇ ಆಕೆ ಕತೆಯನ್ನು ಹಿಗ್ಗಿಸುತ್ತಿದ್ದಳು, ಕುಗ್ಗಿಸುತ್ತಿದ್ದಳು. ಆಶುಹಾಸ್ಯದ ರಂಗದಲ್ಲಿ ನಾನು ಮೊದಲು ನಟ, ಆಮೇಲೆ ಬೆಳಕಿನವ, ಈಗ ನಿರ್ದೇಶಕ. ಮೂರೂ ಕಡೆ ಮಾಡಿದ್ದು ಆಯಿ ಹಚ್ಚಿದ ಕೆಲಸವನ್ನೇ.

ಹುಡುಗರು ಇಂಪ್ರಾವ್ ಎನ್ನುವ ಈ ಆಟದಲ್ಲಿ ಬರೆದಿಟ್ಟ ಮಾತಿಲ್ಲ. ಪ್ರೇಕ್ಷಕರು ಒಂದು ಊರು, ಒಂದು ಕಸುಬು, ಒಂದು ಜಗಳ ಕೂಗಿ ಹೇಳುತ್ತಾರೆ. ದೃಶ್ಯ ಅಲ್ಲಿಂದಲೇ ಹುಟ್ಟಬೇಕು. ಇದರ ಈಗಿನ ರೂಪದ ಒಂದು ಬೇರು ಶಿಕಾಗೊ ನಗರದಲ್ಲಿ ವಯೋಲಾ ಸ್ಪೋಲಿನ್ ಕಟ್ಟಿದ ರಂಗದಾಟಗಳಲ್ಲಿದೆ. ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರೊಡನೆ 1955ರಲ್ಲಿ ಕಂಪಾಸ್ ತಂಡವನ್ನೂ 1959ರಲ್ಲಿ ಸೆಕೆಂಡ್ ಸಿಟಿಯನ್ನೂ ಕಟ್ಟಿದರು. ಕೆನಡಾದ ಕ್ಯಾಲ್ಗರಿಯಲ್ಲಿ ಕೀತ್ ಜಾನ್‌ಸ್ಟನ್ 1977ರಲ್ಲಿ ಥಿಯೇಟರ್‌ಸ್ಪೋರ್ಟ್ಸ್, ಅಂದರೆ ತಂಡಗಳು ಪೈಪೋಟಿಗಿಳಿದು ಆಡುವ ಆಶುನಾಟಕ, ಆರಂಭಿಸಿದರು. ಅದರ ಪ್ರೇರಣೆ ಕುಸ್ತಿಯದು ಎಂದರೆ ನಮ್ಮ ಕಡೆಯವರಿಗೆ ಕೂಡಲೇ ತಿಳಿಯುತ್ತದೆ. ಕಣದ ಸುತ್ತ ಕೂತವರು ಹಾಕುವ ಆ ಕೇಕೆ ನಾಟಕಕ್ಕೂ ಬರಲಿ ಎಂಬ ಹಂಬಲ ಅವರದು.

ಹೊತ್ತಿಗೆ ತಕ್ಕಂತೆ ಮಾತು ಹುಟ್ಟಿಸುವ ಈ ಕಲೆಯನ್ನು ನಾನು ಮೊದಲು ಕಂಡದ್ದು ನಮ್ಮ ಕಡೆಯ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದಲ್ಲಿ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮ ಬಾಳು ಸವೆಸಿದ ಆಟ ಅದು. ಪದಗಳು ಗಟ್ಟಿ, ನಡುವಿನ ಮಾತು ಮಾತ್ರ ಆಯಾ ರಾತ್ರಿಯದು, ಆಯಾ ಊರಿನದು. ದೂತಿ ಬಂದು ಸತ್ಯಭಾಮೆಯ ಸಿಟ್ಟಿನ ಸುದ್ದಿಗೆ ಆ ಊರ ಸಂತೆಯ ಸುದ್ದಿ ಬೆರೆಸುತ್ತಾಳೆ. ಎಲ್ಲರೂ ಆಕೆಯನ್ನೇ ನೋಡುತ್ತಾರೆ. ನೀವು ಒಮ್ಮೆ ಆಟ ನಡೆಸುವ ಭಾಗವತನನ್ನು ನೋಡಿ. ಆತ ಕೇಳುತ್ತಾನೆ, ತಡೆಯುತ್ತಾನೆ, ಬೇಕೆಂದೇ ತಪ್ಪು ತಿಳಿದುಕೊಳ್ಳುತ್ತಾನೆ. ಆತ ಹಾಗೆ ಕೇಳದಿದ್ದರೆ ದೂತಿಯ ಬಾಯಲ್ಲಿ ಆ ಮಾತೇ ಹುಟ್ಟುವುದಿಲ್ಲ.

ನಟನಾದವನಿಗೆ ಮೊದಲ ಪಾಠ, ಎದುರಿನವರು ಕೊಟ್ಟದ್ದನ್ನು ತಗೊಳ್ಳುವುದು. ಒಬ್ಬ ಬಂದು, “ಡಾಕ್ಟರ್ರ, ನಮ್ಮ ಎತ್ತಿಗೆ ಜ್ವರ ಬಂದೈತ್ರಿ” ಎನ್ನುತ್ತಾನೆ. “ನಾ ಡಾಕ್ಟರ್ ಅಲ್ಲ” ಎಂದರೆ ಒಂದು ನಗೆ ಸಿಕ್ಕೀತು, ದೃಶ್ಯ ಅಲ್ಲಿಗೇ ಸತ್ತಿತು. “ಹೌದ್ರಿ, ಮುಂಜಾನಿಂದ ಇದು ನಾಕನೇ ಎತ್ತು. ನಾಕೂ ನಿಮ್ಮ ಓಣೀವ” ಎಂದು ನೋಡಿ. ಓಣಿಯಲ್ಲಿ ಏನೋ ನಡೆದಿದೆ. ಕತೆ ಎದ್ದು ನಿಂತಿತು.

ಬೆಳಕಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಬರೆದ ನಾಟಕದಲ್ಲಿ ಬೆಳಕಿನವನ ಕೈಯಲ್ಲಿ ಯಾವ ಮಾತಿಗೆ ಯಾವ ಬೆಳಕು ಎಂಬ ಕ್ಯೂ ಪಟ್ಟಿ ಇರುತ್ತದೆ. ಇಲ್ಲಿ ನಟ ಎಲ್ಲಿ ನಿಲ್ಲುತ್ತಾನೆ ಎಂಬುದು ನಟನಿಗೇ ಗೊತ್ತಿಲ್ಲ. ಹಾಗಾಗಿ ಒಂದೇ ಜಾಗಕ್ಕೆ ಬೀಳುವ ಸ್ಪಾಟ್ ನಂಬಿ ಕೂರಲಾಗದು. ಇಡೀ ರಂಗಕ್ಕೆ ಸಮನಾಗಿ ಬೀಳುವ ಬೆಳಕು ಬೇಕು, ಅದರ ಮೇಲೆ ಬಿಸಿಲಿಗೊಂದು, ರಾತ್ರಿಗೊಂದು ಬಣ್ಣ. ಎಲ್ಲಕ್ಕಿಂತ ದೊಡ್ಡ ಹೊಣೆ ಕೊನೆಯದು. ಎಷ್ಟೋ ಸಲ ದೃಶ್ಯ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸುವುದು ಬೆಳಕು ಏರಿಸಿ ಇಳಿಸುವ ಡಿಮ್ಮರ್ ಮೇಲಿನ ಕೈ. ನಗೆ ಏರಿದಾಗ ಥಟ್ಟನೆ ಕತ್ತಲು ಮಾಡಿದರೆ ಒಂದು ಅರ್ಥ, ನಗೆ ಇಳಿಯಲು ಬಿಟ್ಟು ಮೆಲ್ಲಗೆ ಇಳಿಸಿದರೆ ಬೇರೆಯೇ ಅರ್ಥ.

ಒಂದು ತಾಲೂಕು ಊರಿನ ಪ್ರಯೋಗದಲ್ಲಿ ನಾನು ಆತುರಪಟ್ಟೆ. ಹೊಸ ಹುಡುಗಿಯೊಬ್ಬಳು ದೃಶ್ಯದುದ್ದಕ್ಕೂ ಸುಮ್ಮನಿದ್ದು, ಕಡೆಗೆ ಬಾಯಿ ತೆರೆದಿದ್ದಳು. ಅದೇ ಹೊತ್ತಿಗೆ ಜೊತೆಯವನ ಮಾತಿಗೆ ಜೋರು ನಗೆ ಬಂತು, ನಾನು ಆರಿಸಿಬಿಟ್ಟೆ. ಒಳಗೆ ಬಂದು, “ಸರ, ನಾ ಇನ್ನ ಹೇಳಾಕ ಹತ್ತಿದ್ನಿರಿ” ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಆಕೆ ಹೇಳಬೇಕೆಂದಿದ್ದ ಮಾತು ಯಾರಿಗೂ ಸಿಗಲಿಲ್ಲ. ಅವತ್ತಿನಿಂದ ನಾನು ನಟರ ಹೆಗಲು ನೋಡುತ್ತೇನೆ. ಮಾತು ಬರುವ ಮುನ್ನ ಉಸಿರು ಬರುತ್ತದೆ, ಹೆಗಲು ತುಸು ಏಳುತ್ತದೆ.

ನಿರ್ದೇಶಕನಿಗೆ ಪ್ರದರ್ಶನದ ಹೊತ್ತಿನಲ್ಲಿ ಕೆಲಸವಿಲ್ಲ. ಅವನ ಕೆಲಸವೆಲ್ಲ ತಾಲೀಮಿನಲ್ಲಿ. ನಮ್ಮ ಮಕ್ಕಳು ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಲಿತು ಬಂದವರು. ಮನೆಯಲ್ಲಿ ಅದು ಸರಿ, ರಂಗದ ಮೇಲೆ ಅದರಿಂದ ಕಿರಿಯರು ಗೋಡೆಯಾಗಿಬಿಡುತ್ತಾರೆ. ಅದಕ್ಕೇ ತಂಡದ ಹಿರಿಯನನ್ನು ಆಳು ಮಾಡುತ್ತೇನೆ, ಕಿರಿಯಳನ್ನು ಗೌಡತಿ ಮಾಡುತ್ತೇನೆ. ವಾರದೊಳಗೆ ದನಿ ಬಿಚ್ಚುತ್ತದೆ. ಬೆಳಕಿನವರು ಪ್ರತಿ ತಾಲೀಮಿಗೂ ಬರಲೇಬೇಕು, ಸಂಭಾವನೆಯಲ್ಲಿ ಅವರಿಗೂ ಸಮಪಾಲು ಸಿಗಲೇಬೇಕು. ಈ ಎರಡರಲ್ಲಿ ನಾನು ಯಾರ ಮಾತನ್ನೂ ಕೇಳಿಲ್ಲ.

ಇದೇ ಬಾಗಲಕೋಟೆಯಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಯಾವ ಸಂದರ್ಭ ಬೇಕು ಎಂದು ಕೇಳಿದೆವು. ಹಿಂದಿನ ಸಾಲಿನಿಂದ ಒಬ್ಬರು, “ಮನಿ ಖಾಲಿ ಮಾಡೂದು” ಎಂದರು. ಆಲಮಟ್ಟಿ ಹಿನ್ನೀರಿಗೆ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದ ಊರಿದು. ಸಭೆ ಒಂದು ಕ್ಷಣ ಗಪ್ಪಾಯಿತು. ನಟಿ ಮುದುಕಿಯಾಗಿ ನೆಲಕ್ಕೆ ಕೂತು, ಇಲ್ಲದ ಹೊಸ್ತಿಲನ್ನು ಕೀಳುವ ಅಭಿನಯ ಶುರು ಮಾಡಿದಳು. ಮಗನಾದವನು, “ಹೊಸ್ತಲಾ ತಗೊಂಡ ಏನ್ ಮಾಡ್ತಿ ಬೇ?” ಎಂದ. “ಮತ್ತ ಹೊಸಾ ಮನ್ಯಾಗ ನಾ ಎಲ್ಲಿ ಕುಂದರ್ಲೋ?” ಎಂದಳು.

ಸಭಾಂಗಣವೆಲ್ಲ ನಕ್ಕಿತು. ಡಿಮ್ಮರ್ ಮುಂದೆ ಕೂತ ಹುಡುಗಿಯ ಹಿಂದೆ ನಾನು ನಿಂತಿದ್ದೆ. ಈಗ ಆರಿಸು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಕೆ ಆರಿಸಲಿಲ್ಲ. ಆಕೆಯ ಕಣ್ಣು ಮಗನ ಹೆಗಲ ಮೇಲಿತ್ತು. ನಗೆ ಇಳಿಯಿತು, ಮೌನವಾಯಿತು, ಮೌನ ಸ್ವಲ್ಪ ಭಾರವೂ ಆಯಿತು. ಆಗ ಮಗ ಬಗ್ಗಿ, “ನೀ ಆ ಕಡೆ ಹಿಡಿ ಬೇ, ನಾ ಈ ಕಡೆ ಹಿಡಿತೇನಿ” ಎಂದ. ಇಬ್ಬರೂ ಎತ್ತಿದರು. ಅವರು ಹೆಜ್ಜೆ ಇಟ್ಟ ಹಾಗೆ ಹುಡುಗಿ ಬೆಳಕು ಇಳಿಸುತ್ತ ಬಂದಳು, ಒಂದು ಹೆಜ್ಜೆಗೆ ಒಂದಿಷ್ಟು. ಪೂರ್ತಿ ಕತ್ತಲಾದ ಮೇಲೂ ಕಾಲಸಪ್ಪಳ ಕೇಳುತ್ತಿತ್ತು. ಸೈಡ್‌ವಿಂಗ್ ದಾಟುವ ತನಕ ಇಬ್ಬರೂ ಆ ಹೊಸ್ತಿಲನ್ನು ಕೆಳಗಿಡಲಿಲ್ಲ.